ಸಂಸದರೇ, ನನ್ನ ಅಜ್ಜ ಯಾವ ಹಡಗಿನಲ್ಲಿದ್ದರು ಅಂತ ವಿಚಾರಿಸಿ ಕೊಡಿ

ಮಾನ್ಯ ಸಂಸದರಿಗೆ ನಮಸ್ಕಾರ.

ಮಾಹಿತಿ ಹಕ್ಕಿನಲ್ಲಿ ಹಾಕಿದ ಅರ್ಜಿಗೆ ಮುಂಬೈಯ ಒಂದು ಸರ್ಕಾರಿ ಕಚೇರಿಯಿಂದ ನನಗೆ ಕಾಗದ ಬಂದಿದೆ. ಅಜ್ಜನ ಹಡಗಿನ ನೌಕರಿಯ ದಾಖಲೆ 'ವೈಯಕ್ತಿಕ ಮಾಹಿತಿ'ಯಂತೆ, ಬೇಕಾದರೆ ಅಜ್ಜನ ಒಪ್ಪಿಗೆ ಪತ್ರ ತರಬೇಕಂತೆ. ಇಲ್ಲದಿದ್ದರೆ ಮರಣ ಪ್ರಮಾಣಪತ್ರ. ಅಜ್ಜ 1942ರಲ್ಲಿ ಸಮುದ್ರದ ಪಾಲಾದವರು. ದೇಹ ಸಿಗಲಿಲ್ಲ. ಪ್ರಮಾಣಪತ್ರ ಯಾರು ಕೊಡಬೇಕು ಸ್ವಾಮಿ? ನನ್ನ ಅರ್ಜಿಯ ಮೊದಲ ಸಾಲಿನಲ್ಲೇ ಇದೆಲ್ಲ ಬರೆದಿದ್ದೆ. ಆ ಕಾಗದ ಓದಿ ನನಗೆ ಕೈ ನಡುಗಿತು.

ಅಜ್ಜ ಕಾರವಾರದ ಕಡೆಯ ಖಾರ್ವಿ. ಮುಂಬೈಗೆ ಹೋಗಿ ಬ್ರಿಟಿಷ್ ಕಂಪನಿಯ ಹಡಗಿಗೆ ಖಲಾಸಿಯಾಗಿ ಸೇರಿದ್ದರು. ಯುದ್ಧದ ಕಾಲ. ಹಡಗು ಮುಳುಗಿತು ಅಂತ ತಂತಿ ಬಂದಾಗ ಅಪ್ಪ ಇನ್ನೂ ತೊಟ್ಟಿಲ ಕೂಸು. ಶಾಲೆ ಮಾಸ್ತರರು ಓದಿ ಹೇಳಿದರು. ಹಡಗಿನ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ತಿಥಿ ಗೊತ್ತಿಲ್ಲದ್ದರಿಂದ ಇವತ್ತಿಗೂ ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತೇವೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅವರು ಕೇಳುವುದು ಇಷ್ಟೇ, ಹಡಗು ಯಾವುದು, ದಿನ ಯಾವುದು.

ಮನೆಯಲ್ಲಿ ಉಳಿದಿರುವುದು ಅಜ್ಜನ ಹಳೇ ಡಿಸ್ಚಾರ್ಜ್ ಪುಸ್ತಕ, ಅಂದರೆ ನಾವಿಕನ ನೌಕರಿ ಬರೆದಿಡುವ ಪುಸ್ತಕ ಒಂದೇ. ಪುಟ ತುಂಬಿ ಹೊಸದು ಸಿಕ್ಕಿದ್ದರಿಂದ ಇದನ್ನು ಊರಲ್ಲಿ ಬಿಟ್ಟು ಹೋಗಿದ್ದರು. ಅರ್ಧ ಗೆದ್ದಲು ತಿಂದಿದೆ. ಎಡಗೈ ಹೆಬ್ಬೆಟ್ಟಿನ ಗುರುತು ಇದೆ. ನಡತೆಯ ಕಾಲಂನಲ್ಲಿ 'ವೆರಿ ಗುಡ್' ಅನ್ನೋ ಠಸ್ಸೆ ಇದೆ. ನಂಬರು ಚೆನ್ನಾಗಿಯೇ ಕಾಣುತ್ತದೆ. ಆ ನಂಬರು ಹಿಡಿದು ಮುಂಬೈಯ ನಾವಿಕರ ರಿಜಿಸ್ಟರ್ ತೆಗೆದು ನೋಡಿ ಅಂತಷ್ಟೇ ನಾನು ಕೇಳಿದ್ದು.

ಬೇರೆ ಕಡೆ ಹುಡುಕಿಲ್ಲ ಅಂದುಕೊಳ್ಳಬೇಡಿ. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಇಂಟರ್ನೆಟ್ಟಿನಲ್ಲೇ ಇಟ್ಟಿದೆ. ಮುಂಬೈಯ ಇಂಡಿಯನ್ ಸೈಲರ್ಸ್ ಹೋಮ್‌ನ ಸ್ಮಾರಕದಲ್ಲೂ ಭಾರತದ ನಾವಿಕರ ಹೆಸರುಗಳಿವೆ. ಅಜ್ಜನ ಹೆಸರಿನವರು ಅಲ್ಲಿ ಒಬ್ಬರಲ್ಲ, ಹಲವರಿದ್ದಾರೆ. ನಮ್ಮವರು ಯಾರು ಅಂತ ಹೇಳಬೇಕಾದ್ದು ಆ ರಿಜಿಸ್ಟರ್. ಇಂಗ್ಲೆಂಡಿನವರು 1915ರ ಹಡಗು ಸಿಬ್ಬಂದಿ ಪಟ್ಟಿಗಳನ್ನು ಕೂತು ಟೈಪ್ ಮಾಡಿಸಿ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿದ್ದಾರೆ. 1863ರಿಂದ 1938ರವರೆಗಿನ ಬ್ರಿಟಿಷ್ ಹಡಗುಗಳ ಪಟ್ಟಿಗಳಲ್ಲಿ ಜಾಸ್ತಿ ಪಾಲನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ವಿಶ್ವವಿದ್ಯಾಲಯವೊಂದು ಕಾಪಾಡಿಕೊಂಡಿದೆ. ದೂರದ ದೇಶದವರಿಗೆ ಆಗುತ್ತದೆ, ನಮಗೆ ನಮ್ಮವರ ಹೆಸರು ತೆಗೆದು ನೋಡಲು ಆಗುವುದಿಲ್ಲ ಅಲ್ವಾ?

ಕಾಯ್ದೆ ನಿಮಗೆ ಗೊತ್ತೇ ಇದೆ. ಮಾಹಿತಿ ಹಕ್ಕು ಕಾಯ್ದೆಯ 8(3) ಪ್ರಕಾರ ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಗೆ 'ವೈಯಕ್ತಿಕ ಮಾಹಿತಿ' ಅನ್ನೋ ನೆಪ ನಡೆಯುವುದಿಲ್ಲ. ಇದು ಎಂಬತ್ತು ವರ್ಷ ದಾಟಿದ ಸಂಗತಿ. ಹಳೇ ಸರ್ಕಾರಿ ದಾಖಲೆಗಳನ್ನು ಕಾಪಾಡಲು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಹಡಗಿಗೆ ಹೋದವರು ಮುಂಬೈಯಲ್ಲೇ ಶಿಪ್ಪಿಂಗ್ ಮಾಸ್ಟರ್ ಅನ್ನೋ, ನಾವಿಕರ ನೇಮಕ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ ಹೋದರು. ಓಟು ಕೇಳಲು ನಮ್ಮ ಕೇರಿಗೆ ಬರುತ್ತೀರಿ, ಮೀನುಗಾರರ ಮಕ್ಕಳ ಧೈರ್ಯ ಹೊಗಳುತ್ತೀರಿ. ಆ ಧೈರ್ಯ ಮಾಡಿ ಹೋಗಿ ತಿರುಗಿ ಬಾರದವರ ಬಗ್ಗೆ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ. ಆ ರಿಜಿಸ್ಟರ್‌ಗಳು ಎಲ್ಲಿವೆ? ಯಾವ ಸ್ಥಿತಿಯಲ್ಲಿವೆ? ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟು ಸ್ಕ್ಯಾನ್ ಮಾಡಿಸುವುದು ಯಾವಾಗ? ಮನೆಯವರಿಗೆ ತೋರಿಸುವುದು ಯಾವಾಗ?

ಅಜ್ಜನ ಪುಸ್ತಕದ ನಂಬರನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಸುಮ್ನೆ 'ಸೂಕ್ತ ಕ್ರಮಕ್ಕಾಗಿ' ಅಂತ ಬರೆದು ಮತ್ತೆ ಅದೇ ಕಚೇರಿಗೆ ತಳ್ಳಬೇಡಿ. ರಿಜಿಸ್ಟರ್ ತೆಗೆಸಿ. ಅಪ್ಪ ಇರುವಾಗಲೇ ತೆಗೆಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ