ಮಗಳಿಗೊಂದು ಪತ್ರ: ನಾಯಿಮರಿ ಬರೋದಕ್ಕೆ ಮುಂಚೆ

ಪುಟ್ಟಿ,

ನಾಯಿಮರಿ ತರ್ತೀನಿ ಅಂತ ಹೇಳಿದ್ಯಲ್ಲ, ಖುಷಿ ಆಯ್ತು ಕಣೇ, ಆದ್ರೆ ಆವಾಗಿಂದ ನಂಗೆ ನಿನ್ ಬೆಕ್ಕು ಚಿನ್ನೀದೇ ಯೋಚ್ನೆ. ಇಷ್ಟು ದಿನ ಇಡೀ ಮನೆ ಅವ್ಳೊಬ್ಳದೇ ಆಗಿತ್ತು. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗ್ತೀಯ ಅಂತ ಬರೀತಿದೀನಿ.

ನಾಯಿ ಬೆಕ್ಕು ಹಾವು ಮುಂಗುಸಿ ಥರ ಹುಟ್ಟಾ ಶತ್ರುಗಳು ಅಂತ ಯಾರಾದ್ರೂ ಅಂದ್ರೆ ನಂಬ್ಬೇಡ. ಒಂದರ ಸನ್ನೆ ಇನ್ನೊಂದಕ್ಕೆ ಉಲ್ಟಾ ಕಾಣುತ್ತೆ, ಎಷ್ಟೋ ಜಗಳ ಶುರುವಾಗೋದೇ ಅಲ್ಲಿ. ನಾಯಿ ಬಾಲ ಅಲ್ಲಾಡ್ಸಿದ್ರೆ ಬಹಳಷ್ಟು ಸಲ ಖುಷಿ, ಬೆಕ್ಕು ಬಾಲ ಪಟಪಟ ಬಡೀತಿದ್ರೆ ಸಿಟ್ಟು. ಮರಿ ಅಂಗಾತ ಬಿದ್ರೆ ಆಟಕ್ಕೆ ಬಾ ಅಂತ, ಹೆದರಿರೋ ಬೆಕ್ಕು ಅಂಗಾತ ಬಿದ್ರೆ ನಾಲ್ಕು ಕಾಲಿನ ಉಗುರೂ ರೆಡಿ ಇದೆ ಅಂತ. ಆದ್ರೆ ಚಿಕ್ಕ ವಯಸ್ಸಲ್ಲೇ ಜೊತೆಯಾದ್ರೆ ಇದನ್ನೆಲ್ಲ ಕಲೀತಾವೆ, 2008ರಲ್ಲಿ ಟೆಲ್ ಅವೀವ್ ಯೂನಿವರ್ಸಿಟಿಯವ್ರು ಎರಡನ್ನೂ ಸಾಕಿರೋ ಮನೆಗಳನ್ನ ಸ್ಟಡಿ ಮಾಡಿದಾಗ ಹೆಚ್ಚಿನ ಮನೆಗಳಲ್ಲಿ ಒಂದು ಇನ್ನೊಂದರ ಸನ್ನೇನ ಸರಿಯಾಗೇ ಅರ್ಥ ಮಾಡ್ಕೊಂಡಿತ್ತು, ಅದ್ರಲ್ಲೂ ಬೆಕ್ಕು ಮೊದ್ಲು ಬಂದಿರೋ ಮನೇಲಿ ಹೊಂದಾಣಿಕೆ ಇನ್ನೂ ಚೆನ್ನಾಗಿತ್ತಂತೆ. ನಿನ್ ಮನೇಲೂ ಚಿನ್ನಿನೇ ಮೊದ್ಲು, ಅದೊಂದು ಸಮಾಧಾನ.

ಆದ್ರೂ ಅವಸರ ಮಾತ್ರ ಬೇಡ, ಎಷ್ಟು ಬೇಗ ಅನ್ನೋದನ್ನ ಚಿನ್ನಿಗೇ ಬಿಡು. ಮೊದ್ಲು ಮರೀನ ಬೇರೆ ರೂಮಲ್ಲಿಡು, ಅದು ಮಲಗಿದ ಬಟ್ಟೆ ಇವಳ ಹತ್ರ, ಇವಳದ್ದು ಅದರ ಹತ್ರ ಹಾಕು, ಮುಖ ನೋಡೋಕೆ ಮುಂಚೆ ವಾಸನೆ ಪರಿಚಯ ಆಗ್ಲಿ. ಆಮೇಲೆ ಮುಚ್ಚಿದ ಬಾಗಿಲಿನ ಆ ಕಡೆ ಈ ಕಡೆ ಊಟ ಹಾಕು. ಎದುರುಬದುರು ಬಿಡುವಾಗ ಮರಿಗೆ ಚೈನ್ ಹಾಕಿ ಹಿಡ್ಕೋ, ಚಿನ್ನೀನ ಎತ್ಕೊಂಡು ಹೋಗಿ ತೋರಿಸ್ಬೇಡ, ಗಾಬರಿಯಾದ್ರೆ ಪರಚೋದು ನಿನ್ನನ್ನೇ. ಬೆಕ್ಕು ಓಡಿದ್ರೆ ಅಟ್ಟಿಸ್ಕೊಂಡು ಹೋಗೋದು ನಾಯಿಗೆ ಹುಟ್ಟುಗುಣ, ಅದಕ್ಕೇ ಮರಿಗೆ ಎಟುಕದ ಎತ್ತರದ ಜಾಗ ಒಂದೆರಡು ಅವ್ಳಿಗೆ ಖಾಲಿ ಮಾಡ್ಕೊಡು. ವಾರಗಳೇ ಹಿಡಿಬಹುದು, ತಿಂಗಳೂ ಆಗ್ಬಹುದು, ಅಲ್ಲಿವರ್ಗೂ ಎರಡನ್ನೇ ಬಿಟ್ಟು ಹೊರಗೆ ಹೋಗ್ಬೇಡ. ತಬ್ಕೊಂಡು ಮಲಗ್ಲೇಬೇಕು ಅಂತೇನಿಲ್ಲ ಪುಟ್ಟಿ, ಒಂದೇ ರೂಮಲ್ಲಿ ತಮ್ಮ ಪಾಡಿಗೆ ನೆಮ್ಮದಿಯಾಗಿದ್ರೆ ಅದೇ ದೊಡ್ಡದು.

ಊಟದ ತಟ್ಟೆ ಬೇರೆ ಬೇರೆ ಇರ್ಲಿ. ನಾಯಿ ಫುಡ್ಡನ್ನೇ ದಿನಾ ತಿಂದ್ರೆ ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಸಾಕಾಗಲ್ಲ, ಬರ್ತಾ ಬರ್ತಾ ಕಣ್ಣು, ಹಾರ್ಟ್ ಎರಡಕ್ಕೂ ಪೆಟ್ಟು. ಚಿನ್ನಿ ಕಕ್ಕಸು ಮಾಡೋ ಲಿಟರ್ ಬಾಕ್ಸೂ ಮರಿಗೆ ಸಿಗದ ಕಡೆ ಇಡು, ನಾಯಿಗಳು ಅದಕ್ಕೆ ಬಾಯಿ ಹಾಕ್ತಾವೆ.

ಇನ್ನೊಂದು, ಇದು ಮಾತ್ರ ಮರೀಲೇಬೇಡ. ನಾಯಿಗೆ ಚಿಗಟ, ಉಣ್ಣೆ ಹೋಗ್ಲಿ ಅಂತ ಬೆನ್ನಿಗೆ ಹಾಕೋ ಡ್ರಾಪ್ಸ್ ಕೆಲವದ್ರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಅದು ಬೆಕ್ಕಿಗೆ ವಿಷ, ನಡುಕ ಬಂದು ಫಿಟ್ಸ್ ಆಗಿ ಜೀವಾನೇ ಹೋಗ್ಬಹುದು. ಚಿನ್ನಿಗೆ ಹಾಕೋದಂತೂ ಬಿಡು, ಹಾಕಿಸ್ಕೊಂಡಿರೋ ನಾಯೀನ ನೆಕ್ಕಿದ್ರೂ ಡೇಂಜರ್. ಮರೀನ ಮೊದಲ ಸಲ ಡಾಕ್ಟ್ರ ಹತ್ರ ಕರ್ಕೊಂಡು ಹೋದಾಗ್ಲೇ ಮನೇಲಿ ಬೆಕ್ಕಿದೆ ಅಂತ ಹೇಳ್ಬಿಡು, ಎರಡಕ್ಕೂ ತೊಂದ್ರೆ ಆಗದ ಔಷಧಿ ಬರ್ಕೊಡ್ತಾರೆ.

ನಿನ್ನ
ಅಮ್ಮ