ಜುಲೈ 7ಕ್ಕ ಈ ಹೆಸರೂ ಹಾಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಧಾರವಾಡದ ಸಪ್ತಾಪುರದಾಗ ಸಣ್ಣ ಖಾನಾವಳಿ ನಡಸ್ತೀನಿ, ಉಣ್ಣಾಕ ಬರೋರು ಬಹಳಷ್ಟು ಮಂದಿ ಕೆಎಎಸ್, ಐಎಎಸ್, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ ಹುಡುಗ್ಯಾರು, ರೊಟ್ಟಿ ಮುರೀತಾನ ಒಬ್ಬರಿಗೊಬ್ಬರು ಪ್ರಶ್ನೆ ಕೇಳ್ಕೋತ ಕುಂತಿರ್ತಾರ. ಅವರಾಗ ಗದಗ ಕಡೆ ಹುಡುಗಿ ಒಬ್ಬಾಕಿ ಐಎಫ್‌ಎಸ್ ಆಗ್ತೀನಿ ಅಂತಾಳ. ಕೇಳಿದವರು ಅರಣ್ಯ ಇಲಾಖೆ ಏನವಾ ಅಂತಾರ, ಆಕಿ ಅಲ್ರಿ, ಫಾರಿನ್ ಸರ್ವೀಸ್, ಬ್ಯಾರೆ ದೇಶದಾಗಿರೋ ನಮ್ಮ ರಾಯಭಾರ ಕಚೇರಿ, ಎಂಬಸಿ ಕೆಲಸ ಅಂತ ಬಿಡಿಸಿ ಹೇಳಬೇಕು. ಅದ ಕೆಲಸದಾಗ ಇದ್ದಾಗ ಜೀವ ಕೊಟ್ಟ ವಿ. ವೆಂಕಟೇಶ್ವರ ರಾವ್ ಅನ್ನೋ ಹೆಸರು ನಾ ಮೊದಲ ಸಲ ಕೇಳಿದ್ದು ಆಕಿ ಬಾಯಿಂದನ. ದಿನಾ ಪೇಪರ್ ಓದಾಕಿ ನಾನು, ನನಗ ಗೊತ್ತಿರಲಿಲ್ಲಲ್ಲ ಅಂತ ಮನಸಿಗೆ ಭಾಳ ಹತ್ತಿತು.

2008ರ ಜುಲೈ 7, ಸೋಮವಾರ ಮುಂಜಾನೆ. ಅಫ್ಘಾನಿಸ್ತಾನದ ಕಾಬೂಲ್‌ನಾಗ ನಮ್ಮ ಎಂಬಸಿ ಗೇಟಿಗೆ ಬಾಂಬ್ ತುಂಬಿದ ಕಾರು ತಂದು ಹೊಡೆದ್ರು. ರಾವ್ ಅವರು ಅಲ್ಲೆ ಕೌನ್ಸೆಲರ್, ಅಂದ್ರ ಎಂಬಸಿಯ ಹಿರಿಯ ಅಧಿಕಾರಿ, ಬ್ರಿಗೇಡಿಯರ್ ರವಿ ದತ್ ಮೆಹ್ತಾ ಡಿಫೆನ್ಸ್ ಅಟಾಶೆ, ಅಂದ್ರ ಎಂಬಸಿಯಾಗ ಸೈನ್ಯದ ಕಡೆಯ ಅಧಿಕಾರಿ, ಇಬ್ಬರೂ ಕೂಡಿ ಆಫೀಸಿಗೆ ಬಂದ ಗಾಡಿ ಆಗಷ್ಟ ಗೇಟಿಗೆ ಬಂದಿತ್ತು. ಇಬ್ಬರೂ ಹೋದ್ರು. ಕಾವಲಿದ್ದ ನಮ್ಮ ಗಡಿ ಪೊಲೀಸ್ ಪಡೆ ಐಟಿಬಿಪಿಯ ಜವಾನರು ಅಜಯ್ ಪಠಾನಿಯಾ, ರೂಪ್ ಸಿಂಗ್ ಹೋದ್ರು, ಎಂಬಸಿಯೊಳಗ ದುಡೀತಿದ್ದ ಒಬ್ಬ ಅಫ್ಘನ್ ಮನುಷ್ಯಾನೂ ಹೋದ. ಹೊರಗ ವೀಸಾಕ್ಕಂತ ಪಾಳೆ ಹಚ್ಚಿ ನಿಂತಿದ್ರಲ್ಲ, ಕೈಯಾಗ ಕಾಗದ ಹಿಡಕೊಂಡು, ಆ ಮಂದಿ ಭಾಳ ಸತ್ರು. ಒಟ್ಟು 50ಕ್ಕಿಂತ ಹೆಚ್ಚು ಜೀವ.

ಆವಾಗ ನಮ್ಮವರು ಅಲ್ಲೆ ಜರಂಜ್‌ನಿಂದ ದೆಲಾರಾಮ್‌ಗೆ 218 ಕಿಲೋಮೀಟರ್ ರಸ್ತೆ ಮಾಡ್ತಿದ್ರು, ಇರಾನ್ ಗಡಿಗೆ ಹೋಗೋ ದಾರಿ, ಸಮುದ್ರ ಇಲ್ಲದ ದೇಶಕ್ಕ ಎಷ್ಟು ಬೇಕಾಗಿತ್ತೋ. ಭಾರತದವರು ಅಂಜಿ ಇದನ್ನೆಲ್ಲಾ ಬಿಟ್ಟು ಹೋಗ್ಲಿ ಅಂತನ ಹೊಡೆದಾರ ಅಂತ ನನ್ನ ತಿಳುವಳಿಕಿ. ಎಂಬಸಿ ಮುಚ್ಚಲಿಲ್ಲ. 2009ರ ಜನವರಿಯಾಗ ರಸ್ತೆ ಮುಗಿಸಿ ಅವರ ಕೈಗೆ ಕೊಟ್ರು. ರಾವ್ ಅವರಿಗೆ ಸತ್ತ ಮ್ಯಾಲೆ ಶೌರ್ಯಕ್ಕ ಕೊಡೋ ಕೀರ್ತಿ ಚಕ್ರ ಬಂತು.

ನಮ್ಮ ಕಡೆ ಹಳ್ಳಿಗೆ ಯೋಧನ ದೇಹ ಬಂದ್ರ ಊರಿಗೆ ಊರೇ ನಿಂತು ಅಳತೈತಿ, ಸಾಲಿ ಮಕ್ಕಳು ಹೂ ಹಿಡಕೊಂಡು ನಿಲ್ತಾರ, ಅದು ಸರಿ, ಹಂಗ ಆಗಬೇಕು. ಆದ್ರ ಕೈಯಾಗ ಬಂದೂಕು ಇಲ್ದ, ಫೈಲು ಹಿಡಕೊಂಡು ಅದ ಬೆಂಕಿಯೊಳಗ ದಿನಾ ಕೆಲಸಕ್ಕ ಹೋಗೋ ಮನುಷ್ಯಾ ಸತ್ರ ನಮಗ ಗೊತ್ತೇ ಆಗೂದಿಲ್ಲ. ಎಂಬಸಿ ಅಂದ್ರ ಏನು ಅಂತ ನಮ್ಮ ಹಾವೇರಿ ಜಿಲ್ಲೆಯವರಿಗೆ ತಿಳಿದದ್ದು 2022ರ ಮಾರ್ಚಿನಾಗ, ಉಕ್ರೇನಿನ ಖಾರ್ಕಿವ್‌ನಾಗ ನಮ್ಮ ಮೆಡಿಕಲ್ ಓದೋ ಹುಡುಗ ಶೆಲ್ ದಾಳಿಗೆ ಸತ್ತಾಗ. ಆ ಕೂಸಿನ ದೇಹ ಬೆಂಗಳೂರಿಗೆ ಬರಾಕ ಮೂರು ವಾರ ಹಿಡೀತು. ಅಷ್ಟರಾಗ ಅಲ್ಲಿಯ ನಮ್ಮ ಎಂಬಸಿನೇ ಪೋಲೆಂಡಿಗೆ ಹೋಗಿ ಕುಂಡ್ರೋ ಪರಿಸ್ಥಿತಿ ಬಂದಿತ್ತು, ಅಂಥಾದರಾಗೂ ಸಾವಿರಾರು ಹುಡುಗರನ್ನ ದಾಟಿಸಿ ಮನಿ ಮುಟ್ಟಿಸಿದ್ರು. ಅದೂ ಇದ ಕೆಲಸ ಅಲ್ಲೇನ್ರಿ?

ಪುಣೆದಾಗ ನನ್ನ ತಮ್ಮ ಇರ್ತಾನ, ಅಲ್ಲೆ ಮ್ಹಾತ್ರೆ ಬ್ರಿಜ್ ಮ್ಯಾಲೆ ಎಷ್ಟೋ ಸಲ ಓಡಾಡೀನಿ. 1984ರಾಗ ಬರ್ಮಿಂಗ್‌ಹ್ಯಾಮ್‌ನಾಗ ಅಪಹರಣ ಮಾಡಿ ಕೊಂದ ನಮ್ಮ ರಾಯಭಾರ ಅಧಿಕಾರಿ ರವೀಂದ್ರ ಮ್ಹಾತ್ರೆ ಅವರ ಹೆಸರದು ಅಂತ ಈಗ ತಿಳೀತು. ದಿನಾ ಮಂದಿ ಬಾಯಾಗ ಅವರ ಹೆಸರು ಬರತೈತಿ, ಅಷ್ಟಾದ್ರೂ ಐತಿ.

ಪರೀಕ್ಷೆ ಓದೋ ಇಷ್ಟು ಮಕ್ಕಳಿರೋ ಊರು ಇದು. ಇಲ್ಲಿ ಓದೋ ಕೋಣಿಯೊಳಗ ಎಲ್ಲೆರ ಒಂದ್ ಕಡೆ ರಾವ್ ಅವರದೊಂದು ಫೋಟೋ ಹಾಕಬೇಕು ಅಂತ ನನ್ನ ಆಸೆ. ಹೋದ ತಿಂಗಳು ಆ ಹುಡುಗಿ ಅಪ್ಪ ಬಂದಿದ್ರು, ಉಂಡು ಕೈ ತೊಳಕೊಂಡು ಬಂದು ಕುಂತು, ಅಂಥಾ ದೇಶಕ್ಕ ಹಾಕಿದ್ರ ಏನ್ ಮಾಡ್ತಿ ಮಗಳ ಅಂತ ಕೇಳಿದ್ರು. ಆಕಿ ಸ್ವಲ್ಪ ಹೊತ್ತು ಸುಮ್ನಿದ್ದು, ಹೋಗಬೇಕಾಗತೈತಪಾ ಅಂದ್ಲು. ಅವರು ಮತ್ತ ಮಾತಾಡಲಿಲ್ಲ. ನನಗ ಅಲ್ಲೆ ನಿಲ್ಲಾಕ ಆಗಲಿಲ್ಲ, ಒಳಗ ಹೋದೆ.

ಮುಂದಿನ ಜುಲೈ 7ಕ್ಕ ನಿಮ್ಮ ಪೇಪರಿನಾಗ ಮೂಲಿಯೊಳಗರ ನಾಕು ಸಾಲು ಜಾಗಾ ಕೊಡ್ರಿ, ಆ ಜವಾನರ ಹೆಸರೂ ಇರ್ಲಿ, ಪಾಳೆದಾಗ ನಿಂತವರ ನೆನಪೂ ಇರ್ಲಿ. ಕತ್ತರಿಸಿ ಖಾನಾವಳಿ ಗ್ವಾಡಿಗೆ ಹಚ್ಚತೀನಿ, ಮಕ್ಕಳು ಉಣ್ಣುವಾಗ ಓದ್ತಾರ.

ಖಾನಾವಳಿಯ ಓದುಗಳು,
ಸಪ್ತಾಪುರ, ಧಾರವಾಡ