ಬಂದೂಕು ಮುಟ್ಟದ ಯೋಧ: ಸಿನಿಮಾ ಬಿಟ್ಟದ್ದೇನು?

ಮಾನ್ಯರೇ,

ಎರಡನೇ ಮಹಾಯುದ್ಧದಲ್ಲಿ, ಜಪಾನಿನ ಓಕಿನಾವಾ ದ್ವೀಪದ ಕದನದಲ್ಲಿ ಬಂದೂಕು ಹಿಡಿಯದೆ ಗಾಯಾಳುಗಳನ್ನು ಕಾಪಾಡಿದ ಅಮೆರಿಕದ ಸೇನಾ ಶುಶ್ರೂಷಕ ಡೆಸ್ಮಂಡ್ ಡಾಸ್ ಕುರಿತ ‘ಹ್ಯಾಕ್‌ಸಾ ರಿಡ್ಜ್’ (2016) ನೋಡಿದವರು ಅದನ್ನು ಉತ್ಪ್ರೇಕ್ಷೆ ಎನ್ನುವುದುಂಟು. ನಿಜಕ್ಕೂ ನಂಬಲು ಕಷ್ಟವಾದ ಭಾಗವನ್ನೇ ನಿರ್ದೇಶಕ ಮೆಲ್ ಗಿಬ್ಸನ್ ಕೈಬಿಟ್ಟಿದ್ದಾರೆ.

1945ರ ಮೇ 21ರಂದು ಗ್ರೆನೇಡ್ ಸಿಡಿದು ಕಾಲಿಗೆ ಗಾಯವಾದಾಗ ಡಾಸ್ ತಾನೇ ಪಟ್ಟಿ ಕಟ್ಟಿಕೊಂಡು ಐದು ಗಂಟೆ ಕಾದ. ಸ್ಟ್ರೆಚರ್ ಬಂದರೆ ಅದನ್ನೂ ಇನ್ನೊಬ್ಬನಿಗೆ ಬಿಟ್ಟುಕೊಟ್ಟ. ಅಷ್ಟರಲ್ಲಿ ಗುಂಡು ಬಡಿದು ತೋಳು ಮುರಿಯಿತು; ಬಂದೂಕು ಒಲ್ಲದವನು ಬಂದೂಕಿನ ಹಿಡಿಯನ್ನೇ ದಬ್ಬೆ ಮಾಡಿ ಕಟ್ಟಿಕೊಂಡು 300 ಗಜ ತೆವಳಿದ! ಅವನಿಗೆ ಸಂದ ಅಮೆರಿಕದ ಅತ್ಯುನ್ನತ ಸೇನಾ ಪದಕ ‘ಮೆಡಲ್ ಆಫ್ ಆನರ್’ನ ಅಧಿಕೃತ ಪ್ರಶಸ್ತಿಪತ್ರದಲ್ಲೇ ಇದು ದಾಖಲಾಗಿದೆ. ಗುವಾಮ್, ಲೇಟೆ ದ್ವೀಪಗಳಲ್ಲಿ ಅವನು ಅದಕ್ಕೂ ಮೊದಲೇ ದುಡಿದಿದ್ದ; ಚಿತ್ರದಲ್ಲಿ ನೇರ ಓಕಿನಾವಾಕ್ಕೇ ಇಳಿಯುತ್ತಾನೆ. ಸೆರೆಯಲ್ಲಿದ್ದು ಮದುವೆ ತಪ್ಪಿತೆಂಬುದೂ ಕಲ್ಪನೆ, 1942ರಲ್ಲೇ ಮದುವೆಯಾಗಿತ್ತು.

ಗಾಯಾಳುಗಳನ್ನು ಹಗ್ಗಕ್ಕೆ ಕಟ್ಟಿ ಕಡಿದಾದ ಬಂಡೆಯಿಂದ ಕೆಳಗಿಳಿಸುವ ದೃಶ್ಯ ಮಾತ್ರ ಸೊಗಸು. ಎದೆಗೊಂದೇ ಕುಣಿಕೆ ಬಿಗಿದರೆ ಉಸಿರು ಕಟ್ಟುತ್ತದೆ, ಪ್ರಜ್ಞೆ ತಪ್ಪಿದವನು ಜಾರಿಯೂ ಬೀಳಬಹುದು. ಹಗ್ಗವನ್ನು ಮಡಚಿ ಎರಡು ಕುಣಿಕೆ ಹಾಕಿ, ಒಂದೊಂದರಲ್ಲಿ ಒಂದೊಂದು ಕಾಲು ತೂರಿಸಿ, ಎದೆಗೊಂದು ಸುತ್ತು ಕೊಟ್ಟರೆ ಭಾರ ತೊಡೆಯ ಮೇಲೆ ಕೂರುತ್ತದೆ.

ಇನ್ನು ಡಾಸ್ ಅಲ್ಲಿ ಕಾಪಾಡಿದವರು 75 ಮಂದಿ ಎಂಬ ಲೆಕ್ಕ. ಅಧಿಕಾರಿಗಳು ನೂರು ಎಂದರು, ಡಾಸ್ ಐವತ್ತು ಮೀರಿರಲಾರದು ಎಂದ. ನಡುವಣ ಸಂಖ್ಯೆ ಉಳಿಯಿತು. ಈ ಚೌಕಾಸಿಯೊಂದು ದೃಶ್ಯವಾಗಿದ್ದರೆ, ರಕ್ತ ಚಿಮ್ಮಿಸುವ ಹತ್ತು ನಿಮಿಷಕ್ಕಿಂತ ಆ ಮನುಷ್ಯ ಹೆಚ್ಚು ಅರ್ಥವಾಗುತ್ತಿದ್ದ.

– ಒಬ್ಬ ಓದುಗ, ಧಾರವಾಡ